ಆರಕ್ಕಿಂತ ಎಂಟು ದೊಡ್ಡದು, ಹಾಗಾದರೆ 1/6ಕ್ಕಿಂತ 1/8 ಚಿಕ್ಕದು ಹೇಗೆ?

ಮನೆಯಲ್ಲಿ ನಾಲ್ಕನೆಯ ಅಥವಾ ಐದನೆಯ ತರಗತಿಯ ಮಗುವಿದ್ದರೆ ಒಂದು ಪ್ರಶ್ನೆ ಕೇಳಿ ನೋಡಿ. 1/6 ಮತ್ತು 1/8, ಇವೆರಡರಲ್ಲಿ ಯಾವುದು ದೊಡ್ಡದು? ಅನೇಕ ಮಕ್ಕಳು ತಡಮಾಡದೆ 1/8 ಎನ್ನುತ್ತಾರೆ. ಹೇಗೆ ಎಂದು ಕೇಳಿದರೆ, "ಆರಕ್ಕಿಂತ ಎಂಟು ದೊಡ್ಡದಲ್ವಾ?" ಎಂದು ನಮ್ಮನ್ನೇ ಮರಳಿ ಕೇಳುತ್ತಾರೆ.

ಈಗ ಅದೇ ಮಗುವಿಗೆ ಇನ್ನೊಂದು ಪ್ರಶ್ನೆ ಕೇಳಿ. ಒಂದು ಹೋಳಿಗೆಯನ್ನು ಆರು ಜನ ಸಮನಾಗಿ ಹಂಚಿಕೊಂಡರೆ ನಿನ್ನ ಪಾಲು ದೊಡ್ಡದೋ, ಎಂಟು ಜನ ಹಂಚಿಕೊಂಡರೆ ದೊಡ್ಡದೋ? ಈ ಸಲ ಉತ್ತರ ತಪ್ಪುವುದು ಕಡಿಮೆ. ಜನ ಹೆಚ್ಚಾದರೆ ತನ್ನ ಪಾಲು ಕಡಿಮೆಯಾಗುತ್ತದೆ ಎಂಬುದನ್ನು ಯಾವ ಮಗುವಿಗೂ ಯಾರೂ ಹೇಳಿಕೊಡಬೇಕಾಗಿಲ್ಲ.

ಎರಡೂ ಪ್ರಶ್ನೆಗಳು ಕೇಳುತ್ತಿರುವುದು ಒಂದನ್ನೇ. ಹೋಳಿಗೆಯ ಮುಂದೆ ಗೊತ್ತಿದ್ದ ಸಂಗತಿ ನೋಟ್ ಪುಸ್ತಕದ ಮುಂದೆ ಎಲ್ಲಿಗೆ ಹೋಯಿತು?

ಈ ವಿಷಯದಲ್ಲಿ ದೊಡ್ಡವರಾದ ನಮ್ಮಲ್ಲಿ ಎರಡು ನಂಬಿಕೆಗಳಿವೆ. ಮಗು ಗಮನವಿಟ್ಟು ನೋಡಲಿಲ್ಲ, ಹಾಗಾಗಿ ತಪ್ಪಿತು ಎಂಬುದು ಮೊದಲನೆಯದು. "ಕೆಳಗಿನ ಸಂಖ್ಯೆ ದೊಡ್ಡದಾದರೆ ಭಿನ್ನರಾಶಿ ಚಿಕ್ಕದು, ನೆನಪಿಟ್ಟುಕೋ" ಎಂದರೆ ಸಾಕು, ಎಲ್ಲ ಸರಿಹೋಗುತ್ತದೆ ಎಂಬುದು ಎರಡನೆಯದು. ಎರಡೂ ನಿಜವಲ್ಲ. ಏಕೆಂದು ಒಂದೊಂದಾಗಿ ನೋಡೋಣ.

ಇದು ಗಮನ ತಪ್ಪಿದ್ದರಿಂದ ಆದ ತಪ್ಪೇ?

ಅಲ್ಲ. ಕಲಿತದ್ದನ್ನು ಚೆನ್ನಾಗಿ ಕಲಿತಿರುವುದರಿಂದಲೇ ಆಗುವ ತಪ್ಪು ಇದು.

ಭಿನ್ನರಾಶಿಗಳು ಪಾಠಕ್ಕೆ ಬರುವ ಹೊತ್ತಿಗೆ ಮಗು ವರ್ಷಗಟ್ಟಲೆ ಎಣಿಸುವ ಸಂಖ್ಯೆಗಳೊಂದಿಗೆ ಬೆಳೆದಿರುತ್ತದೆ. ಅಲ್ಲೆಲ್ಲ ಎಂಟು ಯಾವಾಗಲೂ ಆರಕ್ಕಿಂತ ದೊಡ್ಡದು. ಎಂಟು ಗೋಲಿ, ಎಂಟು ರೂಪಾಯಿ, ಎಂಟು ಮೆಟ್ಟಿಲು, ಎಲ್ಲಿ ನೋಡಿದರೂ ಈ ನಿಯಮ ಸೋತಿಲ್ಲ. ಈಗ 1/8 ಎಂದು ಬರೆದು ತೋರಿಸಿದಾಗ ಮಗುವಿನ ಕಣ್ಣಿಗೆ ಬೀಳುವುದು ಒಂದು ಸಂಖ್ಯೆಯಲ್ಲ, ಗೆರೆಯ ಮೇಲೊಂದು ಮತ್ತು ಕೆಳಗೊಂದು ಇರುವ ಎರಡು ಸಂಖ್ಯೆಗಳು. ಮೇಲಿನವು ಎರಡೂ ಕಡೆ ಒಂದೇ ಆಗಿರುವುದರಿಂದ ಕಣ್ಣು ಕೆಳಗಿನವನ್ನು ಹೋಲಿಸುತ್ತದೆ. ಹಳೆಯ ನಿಯಮ ತಾನಾಗಿಯೇ ಎದ್ದು ಬರುತ್ತದೆ.

ಗಣಿತ ಕಲಿಕೆಯ ಸಂಶೋಧಕರು ಇದನ್ನು ಪೂರ್ಣ ಸಂಖ್ಯೆಯ ಪೂರ್ವಗ್ರಹ ಎಂದು ಕರೆಯುತ್ತಾರೆ. ಇದು ಒಂದು ಊರಿನ, ಒಂದು ಶಾಲೆಯ ಸಮಸ್ಯೆಯಲ್ಲ. ಅಮೆರಿಕದಲ್ಲಿ 1978ರಲ್ಲಿ ನಡೆದ ರಾಷ್ಟ್ರೀಯ ಮಟ್ಟದ ಕಲಿಕಾ ಮೌಲ್ಯಮಾಪನದಲ್ಲಿ 13 ವರ್ಷದ ಮಕ್ಕಳಿಗೆ ಒಂದು ಪ್ರಶ್ನೆ ಕೊಡಲಾಗಿತ್ತು: 12/13 ಮತ್ತು 7/8 ಕೂಡಿದರೆ ಸುಮಾರು ಎಷ್ಟು? ಆಯ್ಕೆಗಳಾಗಿ 1, 2, 19 ಮತ್ತು 21 ಇದ್ದವು. ಎರಡೂ ಭಿನ್ನರಾಶಿಗಳು ಒಂದಕ್ಕೆ ತೀರಾ ಹತ್ತಿರ ಇರುವುದರಿಂದ ಉತ್ತರ 2. ಅದನ್ನು ಆರಿಸಿದವರು ಶೇ. 24ರಷ್ಟು ಮಕ್ಕಳು ಮಾತ್ರ. ಅರ್ಧಕ್ಕಿಂತ ಹೆಚ್ಚು ಮಕ್ಕಳು 19 ಅಥವಾ 21 ಎಂದಿದ್ದರು. 19 ಎಲ್ಲಿಂದ ಬಂತು? ಮೇಲಿನ 12 ಮತ್ತು 7 ಕೂಡಿದರೆ 19. ಕೆಳಗಿನ 13 ಮತ್ತು 8 ಕೂಡಿದರೆ 21. ಅವರು ಭಿನ್ನರಾಶಿಗಳನ್ನು ನೋಡಲೇ ಇಲ್ಲ, ನಾಲ್ಕು ಬಿಡಿ ಸಂಖ್ಯೆಗಳನ್ನು ನೋಡಿದರು.

ಹಾಗಾಗಿ "ಸರಿಯಾಗಿ ನೋಡು" ಎಂದು ಗದರಿಸುವುದರಿಂದ ಪ್ರಯೋಜನವಿಲ್ಲ. ಮಗು ಸರಿಯಾಗಿಯೇ ನೋಡಿದೆ. ಕೆಳಗಿರುವ ಎಂಟು ಬೇರೆಯೇ ಕೆಲಸ ಮಾಡುತ್ತಿದೆ ಎಂಬುದು ಅದಕ್ಕೆ ಇನ್ನೂ ಗೊತ್ತಾಗಿಲ್ಲ, ಅಷ್ಟೆ.

ಕೆಳಗಿನ ಸಂಖ್ಯೆ ಮಾಡುವ ಕೆಲಸವೇನು?

ಉತ್ತರ ನಾವು ಬಳಸುವ ಪದಗಳಲ್ಲೇ ಇದೆ. ಭಿನ್ನರಾಶಿಯ ಮೇಲಿನ ಸಂಖ್ಯೆಗೆ ಅಂಶ ಎನ್ನುತ್ತೇವೆ, ಎಂದರೆ ಪಾಲು. ಕೆಳಗಿನದಕ್ಕೆ ಛೇದ ಎನ್ನುತ್ತೇವೆ, ಎಂದರೆ ಕತ್ತರಿಸುವುದು. ಇಡಿಯಾದ ಒಂದು ವಸ್ತುವನ್ನು ಎಷ್ಟು ಸಮ ತುಂಡು ಮಾಡಬೇಕು ಎಂದು ಛೇದ ಹೇಳುತ್ತದೆ. ಅಂಥ ಎಷ್ಟು ತುಂಡು ನಮ್ಮ ಪಾಲಿಗೆ ಎಂದು ಅಂಶ ಹೇಳುತ್ತದೆ. ಅಂಶ ಎಣಿಕೆ, ಛೇದ ತುಂಡಿನ ಗಾತ್ರ.

ಮೊದಲು ಅಂಶ 1 ಇರುವ ಭಿನ್ನರಾಶಿಗಳನ್ನು ನೋಡೋಣ. ಒಂದು ಹೋಳಿಗೆಯನ್ನು ಎರಡು ಮಾಡಿದರೆ ತುಂಡು 1/2, ಮೂರು ಮಾಡಿದರೆ 1/3, ನಾಲ್ಕು ಮಾಡಿದರೆ 1/4. ಹೋಳಿಗೆ ಮಾತ್ರ ಅಷ್ಟೇ ಇದೆ. ತುಂಡುಗಳ ಸಂಖ್ಯೆ ಏರಿದಷ್ಟೂ ಪ್ರತಿ ತುಂಡು ಚಿಕ್ಕದಾಗಲೇಬೇಕು. ಆದ್ದರಿಂದ 1/2, 1/3, 1/4, 1/5, 1/6 ಎಂಬ ಸಾಲು ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುತ್ತಾ ಹೋಗುತ್ತದೆ.

ಈಗ ಅಂಶ 1ಕ್ಕಿಂತ ಹೆಚ್ಚಿರಲಿ. 3/5 ದೊಡ್ಡದೋ 3/8 ದೊಡ್ಡದೋ? ಎರಡೂ ಕಡೆ ಮೂರು ತುಂಡುಗಳೇ. ಆದರೆ ಒಂದು ಕಡೆಯವು ಐದು ಮಾಡಿದ ತುಂಡುಗಳು, ಇನ್ನೊಂದು ಕಡೆಯವು ಎಂಟು ಮಾಡಿದವು. ಮೂರು ದೊಡ್ಡ ಲೋಟ ಮಜ್ಜಿಗೆ ಹೆಚ್ಚೋ, ಮೂರು ಚಿಕ್ಕ ಲೋಟ ಮಜ್ಜಿಗೆ ಹೆಚ್ಚೋ ಎಂದು ಕೇಳಿದಂತೆ. ಲೋಟಗಳ ಎಣಿಕೆ ಒಂದೇ ಆಗಿರುವಾಗ ಲೋಟದ ಗಾತ್ರವೇ ತೀರ್ಮಾನ ಮಾಡುತ್ತದೆ. ಆದ್ದರಿಂದ 3/5 ದೊಡ್ಡದು. ಬೇಕಿದ್ದರೆ ತಾಳೆ ನೋಡಬಹುದು: ಎರಡಕ್ಕೂ ಛೇದ 40 ಮಾಡಿದರೆ 3/5 ಎಂದರೆ 24/40, 3/8 ಎಂದರೆ 15/40.

ಭಿನ್ನರಾಶಿ ಒಂದಕ್ಕಿಂತ ದೊಡ್ಡದಿದ್ದರೂ ಇದೇ ಮಾತು ನಿಲ್ಲುತ್ತದೆ. 5/3 ಎಂದರೆ ಒಂದು ಪೂರ್ತಿ ಮತ್ತು 2/3. 5/4 ಎಂದರೆ ಒಂದು ಪೂರ್ತಿ ಮತ್ತು 1/4. ಇಲ್ಲೂ ಛೇದ ಚಿಕ್ಕದಿರುವ 5/3 ದೊಡ್ಡದು.

ಕನ್ನಡದಲ್ಲಿ ಓದುವ ಕ್ರಮವೇ ಒಂದು ಸಹಾಯ

ತರಗತಿಗಳಲ್ಲಿ ಈಗ 1/8 ಅನ್ನು "ಒಂದು ಬೈ ಎಂಟು" ಎಂದು ಓದುವುದೇ ಹೆಚ್ಚು. ಹೀಗೆ ಓದಿದಾಗ ಕಿವಿಗೆ ಬೀಳುವುದು ಎರಡು ಸಂಖ್ಯೆಗಳು ಮಾತ್ರ. "ಎಂಟನೇ ಒಂದು ಭಾಗ" ಎಂದು ಓದಿ ನೋಡಿ. ಮೊದಲು ಎಂಟು ಭಾಗ ಮಾಡು, ಆಮೇಲೆ ಒಂದನ್ನು ತೆಗೆದುಕೋ ಎಂಬ ಕೆಲಸದ ಕ್ರಮವೇ ಆ ಮಾತಿನಲ್ಲಿದೆ. 3/5 ಎಂದರೆ "ಐದನೇ ಮೂರು ಭಾಗ".

ಓದುವ ರೀತಿಯಿಂದ ಇಷ್ಟೆಲ್ಲ ವ್ಯತ್ಯಾಸವಾಗುತ್ತದೆಯೇ ಎಂಬ ಅನುಮಾನ ಬರಬಹುದು. ಕೊರಿಯನ್ ಭಾಷೆಯಲ್ಲೂ ಭಿನ್ನರಾಶಿಯ ಹೆಸರಿನಲ್ಲಿ ಛೇದವೇ ಮೊದಲು ಬರುತ್ತದೆ. "ಮೂರು ಭಾಗಗಳಲ್ಲಿ ಒಂದು" ಎಂಬಂಥ ಹೆಸರು ಅದು. ಕೊರಿಯಾ, ಅಮೆರಿಕ ಮತ್ತು ಕ್ರೊಯೇಷಿಯಾದ ಪುಟ್ಟ ಮಕ್ಕಳನ್ನು ಹೋಲಿಸಿ 1999ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಭಿನ್ನರಾಶಿಗೆ ಸರಿಹೊಂದುವ ಚಿತ್ರವನ್ನು ಗುರುತಿಸುವುದರಲ್ಲಿ ಕೊರಿಯಾದ ಮಕ್ಕಳು ಮುಂದಿದ್ದರು. 2003ರ ಇನ್ನೊಂದು ಅಧ್ಯಯನದಲ್ಲಿ ಅಮೆರಿಕದ ಮಕ್ಕಳಿಗೂ ಭಾಗಗಳನ್ನು ಬಿಡಿಸಿ ಹೇಳುವ ಹೆಸರುಗಳನ್ನೇ ಕೊಟ್ಟಾಗ ಅವರ ಉತ್ತರಗಳೂ ಸುಧಾರಿಸಿದವು. ಹೆಸರು ಅರ್ಥವನ್ನು ಹೇಳಿದರೆ ಮಗುವಿನ ಹೊರೆ ಕಡಿಮೆಯಾಗುತ್ತದೆ.

ನಮ್ಮ ಹಿರಿಯರ ಲೆಕ್ಕದಲ್ಲಿ ಈ ಗೊಂದಲ ಅಷ್ಟಾಗಿ ಇರಲಿಲ್ಲ ಎಂಬುದಕ್ಕೂ ಕಾರಣ ಹೆಸರುಗಳೇ. ಅರ್ಧ, ಕಾಲು, ವೀಸ ಎನ್ನುವಾಗ ಎರಡು, ನಾಲ್ಕು, ಹದಿನಾರು ಎಂಬ ಸಂಖ್ಯೆಗಳು ಕಣ್ಣ ಮುಂದೆ ಬರುವುದಿಲ್ಲ. ಮುಕ್ಕಾಲು ಎಂದರೆ ಮೂರು ಕಾಲು, ಅಂದರೆ ಕಾಲು ಎಂಬ ತುಂಡು ಮೂರು. ಒಂದು ಸೇರಿಗೆ ನಾಲ್ಕು ಪಾವು, ಹದಿನಾರು ಚಟಾಕು. ಪಾವಿಗಿಂತ ಚಟಾಕು ಚಿಕ್ಕದು ಎಂಬುದು ಅಳೆದು ಸುರಿದ ಕೈಗೆ ಗೊತ್ತಿತ್ತು. ಪಾವು ಎಂದರೆ ಸೇರಿನ 1/4, ಚಟಾಕು ಎಂದರೆ ಸೇರಿನ 1/16 ಎಂದು ಬರೆದಾಗಲೇ ನಾಲ್ಕು ಮತ್ತು ಹದಿನಾರು ಎದ್ದು ಕಂಡು ಮಗುವನ್ನು ದಾರಿ ತಪ್ಪಿಸುತ್ತವೆ.

ನಿಯಮವನ್ನು ಬಾಯಿಪಾಠ ಮಾಡಿಸಿದರೆ ಸಾಲದೇ?

"ಛೇದ ಚಿಕ್ಕದಿದ್ದರೆ ಭಿನ್ನರಾಶಿ ದೊಡ್ಡದು." ಈ ವಾಕ್ಯ ಬಾಯಿಪಾಠವಾದರೆ ಅಂದಿನ ಅಭ್ಯಾಸದ ಲೆಕ್ಕಗಳೆಲ್ಲ ಸರಿಯಾಗುತ್ತವೆ. ತೊಂದರೆ ಕಾಣುವುದು ಮುಂದಿನ ವಾರ. 1/2 ಮತ್ತು 5/6 ಹೋಲಿಸು ಎಂದರೆ ಅದೇ ಮಗು 1/2 ದೊಡ್ಡದು ಎನ್ನುತ್ತದೆ, ಏಕೆಂದರೆ ಎರಡು ಆರಕ್ಕಿಂತ ಚಿಕ್ಕದು. ಒಂದು ತಪ್ಪು ನಿಯಮ ಹೋಗಿ ಅದರ ತಲೆಕೆಳಗಾದ ರೂಪ ಬಂತು. ಎರಡರಲ್ಲೂ ಮಗು ನೋಡುತ್ತಿರುವುದು ಛೇದವನ್ನು ಮಾತ್ರ.

ನಿಯಮದಿಂದ ಬಿಟ್ಟುಹೋದದ್ದು ಅದರ ಷರತ್ತು. ಅಂಶಗಳು ಸಮ ಇದ್ದಾಗ ಮಾತ್ರ ಛೇದ ನೋಡಿ ತೀರ್ಮಾನಿಸಬಹುದು. 5/6ರಲ್ಲಿ ತುಂಡು ಚಿಕ್ಕದು ನಿಜ, ಆದರೆ ಅಂಥವು ಐದು ಇವೆ. ತುಂಡು ಎಷ್ಟು ದೊಡ್ಡದು, ತುಂಡು ಎಷ್ಟಿವೆ ಎಂಬ ಎರಡೂ ಪ್ರಶ್ನೆಗಳನ್ನು ಕೇಳಿಕೊಳ್ಳುವ ಮಗುವಿಗೆ ಈ ತಪ್ಪು ಆಗುವುದಿಲ್ಲ.

ಇನ್ನೊಂದು ಷರತ್ತನ್ನು ನಾವು ಹೇಳುವುದನ್ನೇ ಮರೆಯುತ್ತೇವೆ. ಇಡೀ ವಸ್ತು ಎರಡೂ ಕಡೆ ಒಂದೇ ಗಾತ್ರದ್ದಾಗಿರಬೇಕು. ದೊಡ್ಡ ಕಲ್ಲಂಗಡಿಯ 1/4 ಭಾಗ ಪುಟ್ಟ ಕಲ್ಲಂಗಡಿಯ 1/3 ಭಾಗಕ್ಕಿಂತ ಹೆಚ್ಚಿರಬಹುದು. ಮಕ್ಕಳು ನೋಟ್ ಪುಸ್ತಕದಲ್ಲಿ ಎರಡು ವೃತ್ತ ಬರೆಯುವಾಗ ಒಂದು ದೊಡ್ಡದು, ಒಂದು ಚಿಕ್ಕದು ಆಗುವುದು ಸಾಮಾನ್ಯ. ಆ ಚಿತ್ರ ನೋಡಿ ಹೋಲಿಸಿದರೆ ಉತ್ತರ ತಪ್ಪಿ, ಚಿತ್ರದ ಮೇಲಿನ ನಂಬಿಕೆಯೇ ಹೋಗುತ್ತದೆ.

ಅರ್ಥ ತಿಳಿದು ಕಲಿತ ಮಗುವಿಗೆ ಸಿಗುವ ಲಾಭವೂ ಇದೆ. 3/4 ಮತ್ತು 4/5 ಹೋಲಿಸುವಾಗ "ಎರಡಕ್ಕೂ ಒಂದೊಂದು ಕಡಿಮೆ, ಹಾಗಾಗಿ ಎರಡೂ ಸಮ" ಎನ್ನುವ ಮಕ್ಕಳಿದ್ದಾರೆ. ಒಂದೊಂದು ತುಂಡು ಕಡಿಮೆ ಎಂಬುದು ನಿಜ, ಆದರೆ ಯಾವ ಗಾತ್ರದ ತುಂಡು? ಒಂದಕ್ಕೆ 1/4 ಕೊರತೆ, ಇನ್ನೊಂದಕ್ಕೆ 1/5 ಕೊರತೆ. ಕೊರತೆ ಚಿಕ್ಕದಿರುವ 4/5 ದೊಡ್ಡದು. ಅಂಶ ಸಮ ಇರುವ ಹೋಲಿಕೆಯೇ ಇಲ್ಲಿ ಬೇರೆ ವೇಷದಲ್ಲಿ ಬಂದಿದೆ.

ಲ.ಸಾ.ಅ. ಹುಡುಕುವ ಶ್ರಮವೂ ಕೆಲವೊಮ್ಮೆ ಉಳಿಯುತ್ತದೆ. 2/5 ಮತ್ತು 6/17 ಹೋಲಿಸಬೇಕು ಎಂದುಕೊಳ್ಳಿ. ಛೇದ ಸಮ ಮಾಡಲು 85ರವರೆಗೆ ಹೋಗಬೇಕು. ಅಂಶ ಸಮ ಮಾಡುವುದಾದರೆ 2/5 ಎಂದರೆ 6/15. ಈಗ 6/15 ಮತ್ತು 6/17 ಎದುರಿಗಿವೆ. ಹದಿನೈದು ಮಾಡಿದ ತುಂಡು ಹದಿನೇಳು ಮಾಡಿದ ತುಂಡಿಗಿಂತ ದೊಡ್ಡದು. ಲೆಕ್ಕ ಮುಗಿಯಿತು.

ದೊಡ್ಡವರಿಗೆ ಇದೆಲ್ಲ ಗೊತ್ತಿರುತ್ತದೆಯೇ?

ಇಂಟರ್‌ನೆಟ್‌ನಲ್ಲಿ ಆಗಾಗ ಓಡಾಡುವ ಒಂದು ಬರ್ಗರ್ ಕಥೆ ಇದೆ. ಅಮೆರಿಕದ ಎ ಆಂಡ್ ಡಬ್ಲ್ಯೂ ಎಂಬ ಹೋಟೆಲ್ ಸರಪಳಿ 1980ರ ದಶಕದಲ್ಲಿ ಮೆಕ್‌ಡೊನಾಲ್ಡ್ಸ್‌ನ 1/4 ಪೌಂಡ್ ಬರ್ಗರ್‌ಗೆ ಪೈಪೋಟಿಯಾಗಿ 1/3 ಪೌಂಡ್ ಬರ್ಗರ್ ತಂದಿತು. ಗ್ರಾಂ ಲೆಕ್ಕದಲ್ಲಿ ಸುಮಾರು 113ರ ಎದುರು ಸುಮಾರು 151. ಆದರೂ ಅದು ಸೋತಿತು. ಗ್ರಾಹಕರ ಅಭಿಪ್ರಾಯ ಕೇಳಿದಾಗ ಅರ್ಧಕ್ಕಿಂತ ಹೆಚ್ಚು ಮಂದಿ 1/4 ಹೆಚ್ಚು, 1/3 ಕಡಿಮೆ ಎಂದುಕೊಂಡಿದ್ದರಂತೆ. ಈ ಕಥೆಯನ್ನು ಹೇಳಿದವರು ಆಗ ಆ ಸರಪಳಿಯ ಮಾಲೀಕರಾಗಿದ್ದ ಆಲ್ಫ್ರೆಡ್ ಟೌಬ್‌ಮನ್, 2007ರ ತಮ್ಮ ಆತ್ಮಕಥನದಲ್ಲಿ. ಸೋತ ವ್ಯಾಪಾರದ ಬಗ್ಗೆ ಮಾಲೀಕರೇ ಹೇಳುವ ಕಾರಣವನ್ನು ಪೂರ್ತಿ ಸಾಕ್ಷಿ ಎಂದು ನಾವು ತೆಗೆದುಕೊಳ್ಳುವುದಿಲ್ಲ. ಬರ್ಗರ್ ಸೋಲಲು ಬೇರೆ ಕಾರಣಗಳೂ ಇರಬಹುದು. 2021ರಲ್ಲಿ ಅದೇ ಸರಪಳಿ ತಮಾಷೆಗಾಗಿ 3/9 ಪೌಂಡ್ ಬರ್ಗರ್ ಎಂದು ಪ್ರಚಾರ ಮಾಡಿತು. 3/9 ಎಂದರೆ 1/3 ತಾನೆ!

ದೊಡ್ಡವರು ಎಡವುತ್ತಾರೆ ಎಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ಆಧಾರ ಆರೋಗ್ಯ ಕ್ಷೇತ್ರದಲ್ಲಿದೆ. 1999ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ 633 ಮಹಿಳೆಯರಿಗೆ ಎರಡು ಅಪಾಯಗಳನ್ನು ಹೋಲಿಸಲು ಹೇಳಲಾಯಿತು. 384ರಲ್ಲಿ ಒಬ್ಬರಿಗೆ ಮತ್ತು 112ರಲ್ಲಿ ಒಬ್ಬರಿಗೆ, ಯಾವುದು ಹೆಚ್ಚಿನ ಅಪಾಯ? ಸರಿಯಾಗಿ ಹೇಳಿದವರು ಶೇ. 56. ಅದೇ ಅಪಾಯಗಳನ್ನು ಸಾವಿರಕ್ಕೆ 2.6 ಮತ್ತು ಸಾವಿರಕ್ಕೆ 8.9 ಎಂದು ಹೇಳಿದಾಗ ಶೇ. 73 ಮಂದಿ ಸರಿಯಾಗಿ ಹೇಳಿದರು. ಮೊದಲನೆಯ ರೂಪ ಎಂದರೆ 1/384 ಮತ್ತು 1/112, ಅಂಶ ಸಮ ಇರುವ ಭಿನ್ನರಾಶಿಗಳೇ. ಎರಡನೆಯದರಲ್ಲಿ ಛೇದ ಸಮ. ಔಷಧದ ಅಡ್ಡಪರಿಣಾಮವೋ ಶಸ್ತ್ರಚಿಕಿತ್ಸೆಯ ಅಪಾಯವೋ, ವೈದ್ಯರು "ಇಷ್ಟು ಜನರಲ್ಲಿ ಒಬ್ಬರಿಗೆ" ಎಂದು ಹೇಳಿದಾಗ ದೊಡ್ಡ ಸಂಖ್ಯೆ ಕೇಳಿ ಹೆದರುವುದು, ಚಿಕ್ಕ ಸಂಖ್ಯೆ ಕೇಳಿ ನಿರಾಳವಾಗುವುದು ನಮ್ಮಲ್ಲೂ ಉಂಟು. ನಿಜ ಅದರ ಉಲ್ಟಾ.

ಇನ್ನೊಂದು ಉದಾಹರಣೆ ನಮ್ಮ ಮನೆಗಳ ಫ್ರಿಜ್‌ನಲ್ಲೇ ಇದೆ. ಭಾರತದಲ್ಲಿ ಇನ್ಸುಲಿನ್ ಎರಡು ಸಾಂದ್ರತೆಗಳಲ್ಲಿ ಸಿಗುತ್ತದೆ. ಒಂದರಲ್ಲಿ ಪ್ರತಿ ಮಿಲಿಲೀಟರಿಗೆ 40 ಯೂನಿಟ್, ಇನ್ನೊಂದರಲ್ಲಿ 100 ಯೂನಿಟ್. ಅಂದರೆ ಒಂದು ಯೂನಿಟ್ ಮೊದಲನೆಯದರಲ್ಲಿ 1/40 ಮಿ.ಲೀ., ಎರಡನೆಯದರಲ್ಲಿ 1/100 ಮಿ.ಲೀ. ಎರಡಕ್ಕೂ ಸಿರಿಂಜ್ ಬೇರೆ ಬೇರೆ. ವೈದ್ಯರು 20 ಯೂನಿಟ್ ಎಂದು ಬರೆದಿದ್ದಾರೆ ಎಂದುಕೊಳ್ಳಿ. ಮೊದಲನೆಯದರಲ್ಲಿ ಅದು 20/40, ಎಂದರೆ ಅರ್ಧ ಮಿ.ಲೀ. ಎರಡನೆಯದರಲ್ಲಿ 20/100, ಎಂದರೆ 0.2 ಮಿ.ಲೀ. 100ರ ಇನ್ಸುಲಿನ್ ಅನ್ನು 40ರ ಸಿರಿಂಜ್‌ನಲ್ಲಿ 20ರ ಗೆರೆಯವರೆಗೆ ಎಳೆದರೆ ಅರ್ಧ ಮಿ.ಲೀ. ಬರುತ್ತದೆ. ಅದರಲ್ಲಿರುವುದು 50 ಯೂನಿಟ್, ಬೇಕಾದದ್ದಕ್ಕಿಂತ ಎರಡೂವರೆ ಪಟ್ಟು. ರಕ್ತದ ಸಕ್ಕರೆ ಅಪಾಯಕಾರಿ ಮಟ್ಟಕ್ಕೆ ಕುಸಿಯಲು ಇಷ್ಟು ಸಾಕು. ಬಾಟಲಿಯ ಮೇಲಿನ ಅಂಕೆ ಮತ್ತು ಸಿರಿಂಜ್ ಮೇಲಿನ ಅಂಕೆ ಒಂದೇ ಇರಬೇಕು ಎಂದು ವೈದ್ಯರು ಒತ್ತಿ ಹೇಳುವುದು ಇದಕ್ಕೇ. ಗೆರೆ ಅದೇ 20 ಆದರೂ ಛೇದ ಬದಲಾದರೆ ಪ್ರಮಾಣ ಬದಲಾಗುತ್ತದೆ ಎಂಬುದು ಐದನೆಯ ತರಗತಿಯಲ್ಲೇ ಕಲಿತ ಪಾಠ.

ಶಾಲೆಯ ಒಳಗೂ ಇದರ ಮಹತ್ವ ಕಡಿಮೆಯಲ್ಲ. ಬ್ರಿಟನ್ ಮತ್ತು ಅಮೆರಿಕದ ಮಕ್ಕಳನ್ನು ವರ್ಷಗಳ ಕಾಲ ಹಿಂಬಾಲಿಸಿದ ಮಾಹಿತಿಯನ್ನು ಆಧರಿಸಿ ರಾಬರ್ಟ್ ಸೀಗ್ಲರ್ ಮತ್ತು ಸಂಗಡಿಗರು 2012ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಹತ್ತು ವರ್ಷದ ಆಸುಪಾಸಿನಲ್ಲಿ ಭಿನ್ನರಾಶಿ ಮತ್ತು ಭಾಗಾಕಾರ ಎಷ್ಟು ತಿಳಿದಿತ್ತು ಎಂಬುದು ಪ್ರೌಢಶಾಲೆಯ ಬೀಜಗಣಿತ ಮತ್ತು ಗಣಿತದ ಸಾಧನೆಯನ್ನು ಮುಂಚಿತವಾಗಿ ಸೂಚಿಸುತ್ತಿತ್ತು. ಮನೆಯ ಆದಾಯ, ಪೋಷಕರ ಓದು, ಮಗುವಿನ ಸಾಮಾನ್ಯ ಬುದ್ಧಿಶಕ್ತಿ ಇವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಈ ನಂಟು ಉಳಿದಿತ್ತು.

ಮನೆಯಲ್ಲಿ ಹೇಗೆ ಹೇಳಿಕೊಡಬಹುದು?

ಇದಕ್ಕೆ ಬೇಕಾದದ್ದು ಕಾಗದ, ಕತ್ತರಿ, ಅಳತೆಪಟ್ಟಿ ಮತ್ತು ಅರ್ಧ ಗಂಟೆ.

ಮೊದಲು 24 ಸೆಂ.ಮೀ. ಉದ್ದದ ಆರು ಕಾಗದದ ಪಟ್ಟಿಗಳನ್ನು ಕತ್ತರಿಸಿ. ವೃತ್ತಕ್ಕಿಂತ ಪಟ್ಟಿ ಒಳ್ಳೆಯದು, ಏಕೆಂದರೆ ವೃತ್ತವನ್ನು ಮೂರು ಅಥವಾ ಆರು ಸಮಭಾಗ ಮಾಡುವುದು ಮಕ್ಕಳಿಗೆ ಕಷ್ಟ. 24 ಏಕೆಂದರೆ ಅದು ಸುಲಭವಾಗಿ ಒಡೆಯುತ್ತದೆ: 1/2 ಎಂದರೆ 12 ಸೆಂ.ಮೀ., 1/3 ಎಂದರೆ 8, 1/4 ಎಂದರೆ 6, 1/6 ಎಂದರೆ 4, 1/8 ಎಂದರೆ 3. ಒಂದು ಪಟ್ಟಿಯನ್ನು ಹಾಗೆಯೇ ಇಡಿಯಾಗಿ ಉಳಿಸಿಕೊಳ್ಳಿ. ಉಳಿದ ಐದನ್ನು ಮಗುವೇ ಅಳೆದು, ಗೆರೆ ಎಳೆದು, ಕತ್ತರಿಸಲಿ.

ಎರಡನೆಯದಾಗಿ, ಪ್ರತಿಯೊಂದರಿಂದ ಒಂದೊಂದು ತುಂಡು ತೆಗೆದು ಒಂದರ ಕೆಳಗೊಂದು ಜೋಡಿಸಿ. ಯಾವುದು ದೊಡ್ಡದು ಎಂದು ನೀವು ಹೇಳಬೇಡಿ. ಏಕೆ ಹೀಗೆ ಇಳಿಯುತ್ತಿದೆ ಎಂದು ಮಗುವೇ ತನ್ನ ಮಾತಿನಲ್ಲಿ ಹೇಳಲಿ. "ಜಾಸ್ತಿ ತುಂಡು ಮಾಡಿದ್ವಿ, ಅದಕ್ಕೆ ಚಿಕ್ಕದಾಯ್ತು" ಎಂಬ ಮಾತು ಬಂದರೆ ಮುಕ್ಕಾಲು ಪಾಠ ಮುಗಿದಂತೆ.

ಮೂರನೆಯದಾಗಿ, 3/4, 3/6, 3/8 ಜೋಡಿಸಲು ಹೇಳಿ. 18 ಸೆಂ.ಮೀ., 12 ಸೆಂ.ಮೀ., 9 ಸೆಂ.ಮೀ. ಬರುತ್ತದೆ. ಎಣಿಕೆ ಮೂರೇ, ಉದ್ದ ಬೇರೆ.

ಕೊನೆಗೆ, ನಿಯಮ ನಿಲ್ಲದ ಕಡೆಗೂ ಕರೆದೊಯ್ಯಿರಿ. 1/2 ಮತ್ತು 5/6 ಜೋಡಿಸಲು ಹೇಳಿ. ಒಂದು 12 ಸೆಂ.ಮೀ., ಇನ್ನೊಂದು 20 ಸೆಂ.ಮೀ. ಛೇದ ದೊಡ್ಡದಿದ್ದರೂ ಇದು ಹೇಗೆ ದೊಡ್ಡದಾಯಿತು ಎಂದು ಕೇಳಿ. ಈ ಪ್ರಶ್ನೆಗೆ ಉತ್ತರ ಹುಡುಕಿದ ಮಗು ಮುಂದೆ ನಿಯಮವನ್ನು ಕುರುಡಾಗಿ ಬಳಸುವುದಿಲ್ಲ.

ಇಷ್ಟಾದ ಮೇಲೂ ನಾಳೆ ಪರೀಕ್ಷೆಯಲ್ಲಿ ಮಗು 1/8 ದೊಡ್ಡದು ಎಂದು ಬರೆದು ಬರಬಹುದು. ಹಳೆಯ ಅಭ್ಯಾಸ ಒಂದೇ ದಿನದಲ್ಲಿ ಹೋಗುವುದಿಲ್ಲ. ಆಗ "ಎಷ್ಟು ಸಲ ಹೇಳಿಕೊಟ್ಟಿದ್ದೇನೆ" ಎನ್ನುವ ಬದಲು "ಎಂಟನೇ ಒಂದು ಭಾಗ ಅಂದ್ರೆ ಏನು ಮಾಡಬೇಕು?" ಎಂದು ಕೇಳಿ. ಹೋಳಿಗೆಯ ಮುಂದೆ ಸರಿಯಾಗಿ ಹೇಳಿದ ಮಗುವೇ ಅದು. ಉತ್ತರ ಅದಕ್ಕೆ ಮೊದಲೇ ಗೊತ್ತಿದೆ. ನೋಟ್ ಪುಸ್ತಕದಲ್ಲಿರುವ ಗೆರೆಗೂ ತಟ್ಟೆಯಲ್ಲಿರುವ ಹೋಳಿಗೆಗೂ ಸಂಬಂಧವಿದೆ ಎಂದು ನೆನಪಿಸುವುದಷ್ಟೇ ನಮ್ಮ ಕೆಲಸ.